ಸೊನ್ನೆಗೆ ಜಾಗವಿಲ್ಲದ ಹಾಳೆ

ಆ ಹಾಳೆಯನ್ನು ಅವಳು ಓದಬಾರದಿತ್ತು. ಆದರೆ ಮಡಚಿಟ್ಟ ಚಾದರಗಳ ಮೇಲೆ ಅದು ತೆರೆದೇ ಬಿದ್ದಿತ್ತು. ಕಣ್ಣು ತಾನಾಗಿ ಹೋಯಿತು.

ಅವಳು ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹರಿದ ಚಾದರ ಹೊಲಿಯುವವಳು. ಎದುರು ಕೋಣೆಯಲ್ಲಿ ಕುಡಿತ ಬಿಡಲು ಬಂದವರ ಜೊತೆ ಮಾತಾಡುವ ಸಲಹೆಗಾರ್ತಿ ಕೂರುತ್ತಿದ್ದರು. ಗುರುವಾರ ಗುರುವಾರ ಅಲ್ಲಿಗೆ ಬರುತ್ತಿದ್ದ ಒಬ್ಬ ಪೇಂಟರ್, ತನ್ನ ಸರದಿ ಮುಗಿಸಿ ಇವಳ ಬಾಗಿಲಿಗೆ ಬಂದು ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದ. ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಇಬ್ಬರೂ ಹತ್ತಿರ ಬಂದು ತುದಿಗೆ ತುದಿ ಕೂಡಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹತ್ತಿರ ಬಂದಾಗ ಅವನು ಕಣ್ಣು ತಗ್ಗಿಸುತ್ತಿದ್ದ. ಹಿಂದೆ ಸರಿದಾಗ ಮಾತ್ರ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಅಂಚು ನೇವರಿಸುತ್ತಿದ್ದಳು.

ಒಮ್ಮೆ ಅವಳೇ ಕೆಣಕಿದ್ದಳು. "ಗೋಡೆಗೆ ಬಳಿಯೋ ಸುಣ್ಣ ಅರ್ಧ ನಿಮ್ಮ ತಲೇಲೇ ಇದೆಯಲ್ಲ."

"ಅದು ಸುಣ್ಣ ಅಲ್ಲ ಮೇಡಂ, ವಯಸ್ಸು. ಉಜ್ಜಿದರೆ ಹೋಗಲ್ಲ."

ಅವಳು ಚಾದರದ ಹಿಂದೆ ಮುಖ ಮರೆಸಿ ನಕ್ಕಿದ್ದಳು. ಅಣ್ಣ ತೀರಿಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಹಾಳೆ ಅವನದೇ, ಮರೆತು ಬಿಟ್ಟುಹೋಗಿದ್ದ. ಮನಸ್ಸು ಹೇಳಿದ್ದನ್ನೆಲ್ಲ ನಂಬಬಾರದು, ಕಾಗದದ ಮೇಲೆ ಇಳಿಸಿ ಅದಕ್ಕೆ ಸಾಕ್ಷಿ ಕೇಳಬೇಕು ಎನ್ನುವುದು ಸಲಹೆಗಾರ್ತಿಯ ಚಿಕಿತ್ಸೆ. ಡಾಕ್ಟರುಗಳು ಅದಕ್ಕೆ ಸಿಬಿಟಿ ಎನ್ನುತ್ತಿದ್ದರು. ಕುಡಿಯಬೇಕು ಅನ್ನಿಸಿದಾಗಲೆಲ್ಲ ಯಾವಾಗ, ಎಲ್ಲಿ, ಆಸೆ ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಅವನು ಬರೆದಿದ್ದ: "ಗುರುವಾರ. ಅವರ ಜೊತೆ ಚಾದರ ಮಡಚಿ ಮನೆಗೆ ಬಂದ ಮೇಲೆ. ಹತ್ತಕ್ಕೆ ಎಂಟು." ಅದರ ಕೆಳಗಿನ ಗುರುವಾರವೂ ಅದೇ, ಹತ್ತಕ್ಕೆ ಒಂಬತ್ತು.

ಅಣ್ಣನೂ ಕುಡಿದೇ ಹೋದವನು. ಉಣ್ಣು ಎಂದರೂ ಕುಡಿದ, ಬೈದರೂ ಕುಡಿದ, ಸುಮ್ಮನಿದ್ದರೂ ಕುಡಿದ. ಕೊನೆಗೆ ಅವನ ಕಣ್ಣು ಮುಚ್ಚಿದ್ದು ಅವಳ ಕೈಯೇ. ದೇವರೇ, ಇನ್ನೊಬ್ಬನ ಸಾವಿಗೆ ನನ್ನನ್ನು ಕಾರಣ ಮಾಡಬೇಡಪ್ಪ ಎಂದು ಬೇಡಿಕೊಂಡಳು. ಹಾಳೆಯನ್ನು ಸಲಹೆಗಾರ್ತಿಯ ಬಾಗಿಲ ಸಂದಿಯಲ್ಲಿ ತೂರಿಸಿದಳು. ಮೇಲ್ವಿಚಾರಕಿಗೆ ಬೆನ್ನುನೋವು, ದೊಡ್ಡ ಚಾದರ ಮಡಚಲಾಗದು ಎಂಬ ನೆಪ ಹೇಳಿ ಗುರುವಾರಗಳ ಕೆಲಸವನ್ನು ಮೇಲಿನ ಮಹಡಿಗೆ ಹಾಕಿಸಿಕೊಂಡಳು.

ಮೂರು ಗುರುವಾರ ಕಳೆದವು. ಸೂಜಿ ಪೋಣಿಸುವುದೂ ಭಾರವೆನಿಸುವಷ್ಟು ಅವಳು ದಣಿದಿದ್ದಳು. ಒಳ್ಳೆಯದನ್ನು ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

ಸೋಮವಾರ ಸಂಜೆ ಅವನು ಬಟ್ಟೆಕೋಣೆಗೆ ಬಂದ. ಮುಖ ಇಳಿದುಹೋಗಿತ್ತು. ಒಳಗೆ ಬರಲಿಲ್ಲ, ಹೊಸಿಲಲ್ಲೇ ನಿಂತು ಒಂದು ಹೊಸ ಹಾಳೆ ಚಾಚಿದ. ಅದರಲ್ಲಿ ಬರೆದಿತ್ತು: ಯೋಚನೆ, ಅವರಿಗೆ ನನ್ನ ಮೇಲೆ ಅಸಹ್ಯ ಹುಟ್ಟಿದೆ. ಹೌದೆನ್ನಲು ಸಾಕ್ಷಿ, ಮೂರು ವಾರದಿಂದ ಕಾಣಿಸಿಲ್ಲ. ಅಲ್ಲವೆನ್ನಲು ಸಾಕ್ಷಿ ಎಂಬಲ್ಲಿ ಏನೂ ಇರಲಿಲ್ಲ.

ಕಳೆದ ಗುರುವಾರ ಸಾರಾಯಿ ಅಂಗಡಿಯ ಮೆಟ್ಟಿಲವರೆಗೂ ಹೋಗಿ ಹಿಂದಿರುಗಿದ್ದನಂತೆ. ಊಹೆ ಸಾಕ್ಷಿಯಾಗುವುದಿಲ್ಲ, ಹೋಗಿ ಅವರನ್ನೇ ಕೇಳಿ, ಈ ವಾರ ನೀವು ಮಾಡಿ ಬರಬೇಕಾದ ಅಭ್ಯಾಸ ಅದೇ ಎಂದು ಸಲಹೆಗಾರ್ತಿ ಕಳಿಸಿದ್ದರಂತೆ.

"ಅಸಹ್ಯ ಅಲ್ಲ," ಎಂದಳು ಅವಳು. "ನಿಮ್ಮ ಹಾಳೆ ಓದಿದೆ. ತಪ್ಪು ನನ್ನದೇ. ನನ್ನನ್ನ ನೋಡಿ ಹೋದ ದಿನವೇ ನಿಮಗೆ ಕುಡಿಯೋ ಆಸೆ ಅಂತ ಇತ್ತು. ಅದಕ್ಕೆ ದೂರ ಹೋದೆ."

ಅವನು ಮೆಲ್ಲಗೆ ಹೇಳಿದ, "ಮನೆಗೆ ಬಂದ ಮೇಲೆ ಅಂತ ಬರೆದಿದ್ದೆ. ಇಲ್ಲಿಂದ ಹೋಗಿ ಆ ಖಾಲಿ ಕೋಣೆ ಬಾಗಿಲು ತೆಗೆದಾಗ ಎಂಟು, ಒಂಬತ್ತು. ಇಲ್ಲಿ ನಿಮ್ಮೆದುರು ನಿಂತಾಗ ಸೊನ್ನೆ. ಸೊನ್ನೆ ಬರೆಯೋದಕ್ಕೆ ಆ ಹಾಳೇಲಿ ಜಾಗವೇ ಇಲ್ಲ."

ಅವಳು ಕಿಟಕಿಯತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನು ಯಾರಿಗೂ ಔಷಧಿ ಆಗಲಾರೆ," ಎಂದಳು. "ಕುಡಿದು ಹೋದ ನನ್ನ ಅಣ್ಣನಿಗೆ ಆಗೋದಕ್ಕೆ ಹೋಗಿ ಸೋತೆ. ಇನ್ನೊಂದು ಸಲ ಸೋಲೋ ಶಕ್ತಿ ನನಗಿಲ್ಲ."

"ಔಷಧಿ ನಾನೇ ತಗೋತೀನಿ. ವಾರವಾರ ಬರ್ತೀನಿ, ಬರೀತೀನಿ. ಬಿದ್ದರೆ ನಿಮ್ಮಿಂದ ಬಿದ್ದೆ ಅನ್ನಲ್ಲ." ಅವನು ಹೊಸಿಲು ದಾಟಿ ಬಂದು, ಮೊದಲ ಸಲ ಹತ್ತಿರದಿಂದ ಅವಳ ಕಣ್ಣನ್ನೇ ನೋಡಿದ. "ನೀವು ಬೇಕು. ಅಷ್ಟೇ."

ಅವಳು ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು, ಚಪ್ಪಲಿ ಮೆಟ್ಟಿದಳು, ಆ ಕೋಣೆ ಎಲ್ಲಿದೆ ತೋರಿಸಿ ಎಂದಳು.

ಎರಡು ಬೀದಿ ದಾಟಿ, ಇಕ್ಕಟ್ಟಾದ ಮೆಟ್ಟಿಲು ಹತ್ತಿದರು. ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿದವನ ಕೋಣೆಗೆ ಬಣ್ಣವೇ ಇರಲಿಲ್ಲ. ಒಂದು ಮಂಚ, ಒಂದು ಲೋಟ, ಕಿಟಕಿಯ ಹತ್ತಿರ ಒಂದು ಸ್ಟೂಲು. ಸಂಜೆಯ ಬಿಸಿಲು ನೆಲದ ಮೇಲೆ ಸುಸ್ತಾಗಿ ಬಿದ್ದಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ಅವನು ಖಾಲಿ ಡಬ್ಬ ಬೋರಲು ಹಾಕಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡಿದ್ದ. ಉಗುರ ಸಂದಿಯಲ್ಲಿ ನೀಲಿ ಬಣ್ಣ. ಅವಳು ಆ ಕೈಯ ಮೇಲೆ ತನ್ನ ಕೈಯಿಟ್ಟಳು, ತೆಗೆಯಲಿಲ್ಲ.

ಬಿಸಿಲು ಗೋಡೆ ಹತ್ತಿ ಹೋಯಿತು.

"ಒರಗೋ ಹಾಗಿರೋ ಕುರ್ಚಿ ಒಂದು ತಂದಿಡಿ," ಎಂದಳು ಅವಳು ಕೊನೆಗೆ. "ಇದರ ಮೇಲೆ ಬಹಳ ಹೊತ್ತು ಕೂರೋಕಾಗಲ್ಲ."