ಕೊಟ್ಟಿಗೆಯ ಮೆಲುಕು

ಮುತ್ತಜ್ಜ ಕಟ್ಟಿದ ಹೊಲದ ಮನೆಯನ್ನು ಉಳಿಸಿಕೊಂಡು ಕೊಟ್ಟಿಗೆಯನ್ನು ಮಾತ್ರ ಕೆಡವುವುದೆಂದು ಅಕ್ಕನೂ ನಾನೂ ತೀರ್ಮಾನಿಸಿದ್ದೆವು. ಅಮ್ಮ ತೀರಿಕೊಂಡ ಮೇಲೆ ದನಗಳನ್ನು ಮಾರಿ, ಕೊಟ್ಟಿಗೆಗೆ ಹಾಕಿದ ಬೀಗವನ್ನು ಹತ್ತಾರು ವರ್ಷಗಳಿಂದ ಯಾರೂ ತೆಗೆದಿರಲಿಲ್ಲ.

ಮಟಮಟ ಮಧ್ಯಾಹ್ನ ಬಾಗಿಲು ತೆರೆದರೆ ಒಳಗೆ ಹಸಿ ಸಗಣಿಯ ವಾಸನೆ. ಗೋದಲಿಯ ಮುಂದಿನ ಕಲ್ಲುಹಾಸಿನ ಮೇಲೆ ಕೈಯಿಟ್ಟ ಅಕ್ಕ ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಇಲ್ಲಿ ಮುಟ್ಟಿ ನೋಡೋ."

ಸುತ್ತಲಿನ ಕಲ್ಲೆಲ್ಲ ತಣ್ಣಗಿತ್ತು. ದನವೊಂದು ಮಲಗುವಷ್ಟು ಜಾಗ ಮಾತ್ರ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು. ಅಷ್ಟರಲ್ಲಿ ಮೂಲೆಯ ಕತ್ತಲಿನಿಂದ ಮೆಲುಕು ಹಾಕುವ ಸದ್ದು ಕೇಳಿಸಿತು. ಹಾಲು ಕರೆಯುವಾಗ ಅಮ್ಮ ಮಾಡುತ್ತಿದ್ದಂತೆಯೇ ಯಾರೋ ನಾಲಗೆಯಿಂದ ಲೊಚಗುಟ್ಟಿದರು. ಮೆಲುಕು ನಿಂತಿತು.

ಹೊರಗೆ ಓಡಿಬಂದ ಮೇಲೆ ಕೇಳಿದೆ, "ಲೊಚಗುಟ್ಟಿದ್ದು ನೀನು ತಾನೇ?"

"ನೀನು ಅಂದ್ಕೊಂಡೆ ನಾನು," ಎಂದಳು ಅಕ್ಕ.

ಈ ಮಾತನ್ನು ನಾವು ಯಾರ ಕಿವಿಗೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಗೋಡೆ ಕೆಡವಲು ಪರ ಊರಿನ ಮೇಸ್ತ್ರಿ ಬಂದ. ಕೊಟ್ಟಿಗೆಯೊಳಗೆ ಇಣುಕಿ ನೋಡಿದವನೇ ಹಾರೆಯನ್ನು ಕೆಳಗಿಟ್ಟು, ಬೇಸರದಿಂದ ನನ್ನತ್ತ ತಿರುಗಿದ.

"ಏನ್ ಯಜಮಾನ್ರೇ, ಮೊದ್ಲೇ ಹೇಳೋದಲ್ವಾ? ಆ ಹಸೂನ ಆಚೆ ಕಟ್ಟಿ. ಕರು ಮೈ ಇನ್ನೂ ಒದ್ದೆ ಇದೆ."