ಕದ್ದ ಫೋನಿಗೆ ಚಾರ್ಜ್ ಮಾಡಿ ಕೊಟ್ಟವನು

ಜನವರಿ ನಾಲ್ಕು, ಶನಿವಾರ ಮಧ್ಯಾಹ್ನ ಕಲ್ಲೇಶಪ್ಪನವರು ಶನಿವಾರಸಂತೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಬಸ್ ನಿಲ್ದಾಣದ ಎದುರು ಗೊಬ್ಬರದ ಅಂಗಡಿ ನಡೆಸುವ ಅವರು ಊರಿನ ಯಾವ ಮದುವೆಯಲ್ಲೂ ಮೊದಲ ಸಾಲು ಬಿಟ್ಟು ಕೂತವರಲ್ಲ. ಅವತ್ತು ಠಾಣೆಯ ಬೆಂಚಿನ ತುದಿಯಲ್ಲಿ ಕೂತು ಖಾಲಿ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಸಂತೇಲಿ ಶುಂಠಿ ನೋಡ್ತಾ ನಿಂತಿದ್ದೆ ಮೇಡಂ. ಜೇಬಿಗೆ ಕೈ ಹಾಕ್ತೀನಿ, ಫೋನಿಲ್ಲ. ನನ್ನ ಭಾಮೈದ ದುಬೈಯಿಂದ ತಂದುಕೊಟ್ಟಿದ್ದು. ಇಡೀ ಹೋಬಳೀಲಿ ಅಂಥದ್ದು ಇನ್ನೊಂದಿಲ್ಲ."

ಸಬ್ ಇನ್‌ಸ್ಪೆಕ್ಟರ್ ಭವ್ಯಶ್ರೀ ದೂರು ಬರೆಸಿಕೊಂಡರು. ಕಳವು ಪ್ರಕರಣ ದಾಖಲಾಯಿತು. ಎಫ್‌ಐಆರ್ ಪ್ರತಿಯನ್ನು ಕಲ್ಲೇಶಪ್ಪನವರು ನಾಲ್ಕು ಮಡಿಕೆ ಮಾಡಿ, ಫೋನ್ ಇರುತ್ತಿದ್ದ ಜೇಬಿನಲ್ಲೇ ಇಟ್ಟುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಅವರೇ ಮತ್ತೆ ಬಂದರು. ಕೈಯಲ್ಲಿ ಫೋನಿತ್ತು. ಮುಖ ಮಾತ್ರ ಶನಿವಾರಕ್ಕಿಂತ ಕೆಟ್ಟಿತ್ತು.

"ಅಂಗಡಿ ಷಟರ್ ಮುಂದೆ ಬ್ರೆಡ್ಡಿನ ಕವರಲ್ಲಿ ಸುತ್ತಿ ಇಟ್ಟು ಹೋಗಿದಾನೆ. ಗಾಜು ಒರೆಸಿದಾನೆ. ನೂರಕ್ಕೆ ನೂರು ಚಾರ್ಜ್ ಮಾಡಿದಾನೆ."

"ಒಳ್ಳೇದಾಯ್ತಲ್ಲ ಸರ್."

"ಏನು ಒಳ್ಳೇದು? ಅಂಥಾ ಫೋನು ಕೈಗೆ ಸಿಕ್ಕಿ ಬೇಡ ಅಂತ ವಾಪಸ್ ಇಡ್ತಾನೆ ಅಂದ್ರೆ ಅವನು ನನ್ನನ್ನ ಏನಂದ್ಕೊಂಡಿದಾನೆ? ಅವನನ್ನ ಹಿಡೀಲೇಬೇಕು ನೀವು."

ಹೆಡ್ ಕಾನ್‌ಸ್ಟೆಬಲ್ ಮಂಜೇಶ್ ಗೋಡೆಯ ಕಡೆ ತಿರುಗಿ ನಗು ನುಂಗಿಕೊಂಡ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅವನು ಇಂಥ ದೂರು ಕೇಳಿರಲಿಲ್ಲ. ಆ ನಗು ಅವನಿಗೆ ಐದೇ ದಿನ ಉಳಿಯಿತು. ಮುಂದಿನ ಶನಿವಾರ ಸಂತೆ ಬಂದೋಬಸ್ತಿಗೆ ಹೋದವನು ಫೋನನ್ನು ಜೀಪಿನ ಸೀಟಿನ ಮೇಲಿಟ್ಟು ಟೀ ಕುಡಿದು ಬರುವಷ್ಟರಲ್ಲಿ ಸೀಟು ಬರಿದಾಗಿತ್ತು. ಸೋಮವಾರ ಬೆಳಗ್ಗೆ ಠಾಣೆಯ ಕಾಂಪೌಂಡ್ ಗೋಡೆಯ ಮೇಲೆ, ಬ್ರೆಡ್ಡಿನ ಕವರಿನೊಳಗೆ, ತುಂಬಿದ ಬ್ಯಾಟರಿಯೊಂದಿಗೆ ಫೋನ್ ಕೂತಿತ್ತು.

"ಪೊಲೀಸ್ ಜೀಪಿಂದ ಎತ್ತೋ ಧೈರ್ಯ ಇದೆ. ಇಟ್ಟುಕೊಳ್ಳೋಕೆ ಮನಸ್ಸಿಲ್ಲ," ಎಂದ ಮಂಜೇಶ್. "ನನ್ನ ಫೋನಿಗೇನಾಗಿದೆ ಮೇಡಂ? ನಾಲ್ಕು ವರ್ಷ ಹಳೇದು, ಅಷ್ಟೇ ತಾನೆ?"

ಇಬ್ಬರು ಪಂಚರನ್ನು ಕರೆಸಿ ಕವರು, ಫೋನು ಎರಡನ್ನೂ ಜಪ್ತಿ ಮಾಡಿ ಪಂಚನಾಮೆ ಬರೆಸಲಾಯಿತು. ಒರೆಸಿದ ಗಾಜಿನ ಮೇಲೆ ಬೆರಳಚ್ಚು ಸಿಗುವ ಹಾಗಿರಲಿಲ್ಲ. ಸಿಮ್ ಕಾರ್ಡ್ ಇಡುವ ತಟ್ಟೆಯ ಅಂಚಿನಲ್ಲಿ ಹೊಸ ಗೀರೊಂದಿರುವುದು ಭವ್ಯಶ್ರೀಯವರ ಕಣ್ಣಿಗೆ ಬಿತ್ತು. ಯಾರೋ ಪಿನ್ನಿನಿಂದ ಅದನ್ನು ತೆಗೆದಿದ್ದರು.

"ನಿಮ್ಮ ಸಿಮ್ ತೆಗೆದು ತನ್ನದು ಹಾಕಿದಾನೆ. ಮಾತಾಡಿದ ಮೇಲೆ ನಿಮ್ಮದನ್ನೇ ವಾಪಸ್ ಹಾಕಿದಾನೆ. ಕರೆ ಬಂದ ವಿವರ ತೆಗೀರಿ."

ಮಂಜೇಶನ ಫೋನಿಗೆ ಭಾನುವಾರ ಒಂದು ಕರೆ ಬಂದಿತ್ತು. ಮಾತು ಕೆಲವು ಸೆಕೆಂಡಿನಲ್ಲೇ ಕಡಿದಿತ್ತು. ಕಲ್ಲೇಶಪ್ಪನವರ ಫೋನ್ ತರಿಸಿ ನೋಡಿದರೆ ಹಿಂದಿನ ಭಾನುವಾರ ಅದೇ ನಂಬರಿನಿಂದ ಕರೆ ಬಂದು, ಅಲ್ಲೂ ಹಾಗೇ ಕಡಿದಿತ್ತು.

"ಬೇರೆ ಯಾರದ್ದಾದರೂ ಹೀಗೆ ಹೋಗಿ ಬಂದಿದೆಯಾ ಕೇಳ್ಕೊಂಡು ಬನ್ನಿ," ಎಂದರು ಭವ್ಯಶ್ರೀ.

ಗುರುವಾರ ಮಂಜೇಶ್ ಬಸ್ ನಿಲ್ದಾಣದ ಪಕ್ಕದಲ್ಲಿ ತರಕಾರಿ ಮಾರುವ ನಿಂಗಮ್ಮನನ್ನು ಕರೆತಂದ. ಅವಳ ಫೋನಿನ ಗಾಜು ಬಿರುಕು ಬಿಟ್ಟಿತ್ತು, ಹಿಂಬದಿಗೆ ರಬ್ಬರ್ ಬ್ಯಾಂಡ್ ಹಾಕಿತ್ತು.

"ನಂದೂ ಸೋಮವಾರ ಹೋಗಿತ್ತು, ನಿನ್ನೆ ಬಂತು."

"ದೂರು ಯಾಕೆ ಕೊಡಲಿಲ್ಲ?"

"ಯಾತಕ್ಕವ್ವ ದೂರು? ಬದನೆಕಾಯಿ ಬುಟ್ಟೀಲಿ ತಂದಿಟ್ಟವನೆ, ಫುಲ್ಲು ಚಾರ್ಜ್ ಮಾಡವನೆ. ನಮ್ಮನೇಲಿ ಯಾರೂ ಅಷ್ಟು ನೀಟಾಗಿ ಮಾಡಕ್ಕಿಲ್ಲ."

ಅವಳ ಫೋನಿನಲ್ಲೂ ಮಂಗಳವಾರ ಅದೇ ನಂಬರಿನಿಂದ ಕರೆ ಬಂದಿತ್ತು. ಮಾತು ಮುಕ್ಕಾಲು ಗಂಟೆ ನಡೆದಿತ್ತು.

ಭವ್ಯಶ್ರೀ ಮೂರೂ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಸ್ವಲ್ಪ ಹೊತ್ತು ನೋಡಿದರು. ನಂಬರಿನ ವಿಳಾಸ ಕೇಳಿ ಮಡಿಕೇರಿಯ ಎಸ್‌ಪಿ ಕಚೇರಿಗೆ ಪತ್ರ ಹೋಗಿತ್ತು. ಉತ್ತರ ಬರಲು ವಾರವಾದರೂ ಬೇಕು. ಅಲ್ಲಿಯವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಠಾಣೆಯ ಲ್ಯಾಂಡ್‌ಲೈನಿನಿಂದಲೇ ಕರೆ ಮಾಡುವಂತೆ ಮಂಜೇಶನಿಗೆ ಹೇಳಿ, ಮಾತು ತಮಗೂ ಕೇಳುವಂತೆ ಸ್ಪೀಕರ್ ಒತ್ತಿದರು.

"ಹಲೋ," ಎಂದ ಮಂಜೇಶ್.

"ಹಾಂ, ಕೇಳ್ತದೆ, ಕೇಳ್ತದೆ!" ಆ ಕಡೆಯಿಂದ ಹೆಣ್ಣು ದನಿ ಖುಷಿಯಿಂದ ಕೂಗಿತು. "ಮೊನ್ನೆದಕ್ಕಿಂತ ಚಂದ ಕೇಳ್ತದೆ ರೀ. ಇದು ಯಾರ ಫೋನು? ಇದನ್ನೇ ಕೇಳಿ ತಗೊಳ್ಳಿ."

ಮಂಜೇಶ್ ಗಂಟಲು ಸರಿಮಾಡಿಕೊಂಡ. "ಅಮ್ಮಾ, ಇದು ಶನಿವಾರಸಂತೆ ಪೊಲೀಸ್ ಸ್ಟೇಷನ್ ಫೋನು."

"ಅಯ್ಯೋ, ಸ್ಟೇಷನ್ನವರೂ ಟೆಸ್ಟ್ ಮಾಡ್ಲಿಕ್ಕೆ ಕೊಟ್ರಾ? ಎಷ್ಟು ಒಳ್ಳೆ ಜನ! ಯಾಕೆ ಸ್ವರ ಒಂಥರಾ ಉಂಟು, ಶೀತವಾ? ನೋಡಿ, ಡಾಕ್ಟ್ರು ಇನ್ನು ಯಾವಾಗ ಬೇಕಾದ್ರೂ ಹೆರಿಗೆ ಆಗ್ಬಹುದು ಅಂದಿದ್ದಾರೆ. ನೋವು ಬಂದ್ರೆ ನಿಮ್ಗೆ ಹೇಳೋದು ಹೇಗೆ? ಬೇಗ ಒಂದು ಫೋನ್ ನೋಡಿ ರೀ."

ಮಂಜೇಶ್ ಸಹಾಯ ಬೇಡುವವನಂತೆ ಭವ್ಯಶ್ರೀಯವರ ಮುಖ ನೋಡಿದ. ಅವರು ಬೇಡ ಎಂಬಂತೆ ತಲೆಯಾಡಿಸಿದರು. ತುಂಬು ಗರ್ಭಿಣಿಗೆ, ನಿನ್ನ ಗಂಡ ಕಳ್ಳ ಎಂದು ಫೋನಿನಲ್ಲಿ ಹೇಳುವುದು ಅವರಿಂದ ಆಗಲಿಲ್ಲ. "ಆಯ್ತು, ನೋಡ್ತೀನಿ," ಎಂದು ಮಂಜೇಶ್ ರಿಸೀವರ್ ಇಟ್ಟು ಹಣೆ ಒರೆಸಿಕೊಂಡ.

"ಇನ್ನೇನು ಮಾಡೋದು ಮೇಡಂ?"

"ನಿಮ್ಮ ಫೋನಲ್ಲಿ ಅವನಿಗೆ ಮಾತು ಕೇಳಿಸಲಿಲ್ಲ, ಕಲ್ಲೇಶಪ್ಪನವರ ಫೋನಲ್ಲೂ ಕೇಳಿಸಲಿಲ್ಲ. ನಿಂಗಮ್ಮನ ಫೋನಲ್ಲಿ ಕೇಳಿಸಿದೆ. ಅವನಿಗೆ ಬೇಕಾದ ಫೋನ್ ಅದು. ಹುಡುಕ್ಕೊಂಡು ಬರ್ತಾನೆ."

ಹದಿನೆಂಟರ ಶನಿವಾರ ಬೆಳಿಗ್ಗೆಯಿಂದಲೇ ಮಂಜೇಶ್ ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿ ನಿಂಗಮ್ಮನ ಪಕ್ಕ ಬೀನ್ಸ್ ರಾಶಿಯ ಮುಂದೆ ಕೂತ. ರೇಟು ಗೊತ್ತಿಲ್ಲದೆ ಕೇಳಿದಷ್ಟಕ್ಕೆ ಕೊಟ್ಟ. ಅರ್ಧ ಗಂಟೆಯಲ್ಲಿ ಅವನ ಮುಂದೆ ಸರತಿ ಸಾಲು ಬೆಳೆದು, ನಿಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ಸಾಹೇಬ್ರೆ, ಕಳ್ಳ ಬರಾಗಂಟ ನನ್ನ ಬಾಳು ಹಾಳಾಯ್ತದೆ. ಸುಮ್ಕೆ ಕೂತ್ಕಳಿ, ಯಾಪಾರ ನಾ ಮಾಡ್ತೀನಿ."

ಎದುರಿನ ಬಟ್ಟೆ ಅಂಗಡಿಯೊಳಗೆ ಮಫ್ತಿಯಲ್ಲಿದ್ದ ಭವ್ಯಶ್ರೀ ಅಷ್ಟರಲ್ಲಿ ನಾಲ್ಕು ಸೀರೆ ಬಿಡಿಸಿ ನೋಡಿ ಆಗಿತ್ತು. ಹನ್ನೊಂದರ ಹೊತ್ತಿಗೆ ಎಸ್ಟೇಟ್ ಜೀಪೊಂದರಿಂದ ಇಳಿದ ಮೂವತ್ತರ ಆಸುಪಾಸಿನ ವ್ಯಕ್ತಿ ನೇರ ನಿಂಗಮ್ಮನ ಮುಂದೆ ಬಂದು ನಿಂತ. ತರಕಾರಿಯನ್ನು ನೋಡಲೂ ಇಲ್ಲ.

"ಅಮ್ಮಾ, ನಿಮ್ಮ ಫೋನ್ ಕೊಡ್ತೀರಾ? ದುಡ್ಡು ಕೊಡ್ತೇನೆ. ಬೇಕಾದ್ರೆ ನಿಮ್ಗೆ ಬೇರೆ ಹೊಸದೇ ತೆಗೆಸಿಕೊಡ್ತೇನೆ."

"ಈ ಒಡೆದ ಫೋನಾ? ಇದು ನಿನ್ನತ್ರ ನಡೀತದೆ ಅಂತ ಹೆಂಗೆ ಗೊತ್ತು?"

"ನಡೀತದೆ. ನಾನು ನೋಡಿದ್ದೇನೆ."

"ಎಂದು ನೋಡ್ದೆ?"

ಮಂಜೇಶ್ ಟವೆಲ್ ಬಿಚ್ಚಿ ಎದ್ದು ಅವನ ಮಣಿಕಟ್ಟು ಹಿಡಿದ. ಆತ ಓಡಲಿಲ್ಲ, ಕೊಸರಲೂ ಇಲ್ಲ. ಮಂಜೇಶನ ಮುಖ ನೋಡಿ, "ಸರ್, ಸಾರಿ. ಜೀಪ್ ನಿಮ್ದು ಅಂತ ಆಮೇಲೆ, ಫೋನಲ್ಲಿ ನಿಮ್ಮ ಫೋಟೋ ನೋಡಿ ಗೊತ್ತಾಗಿದ್ದು," ಎಂದ.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು.

"ಹೆಸರು?"

"ಜಯಪ್ರಕಾಶ್."

"ಕೆಲಸ?"

"ರೈಟರ್."

ಮೂಲೆಯಲ್ಲಿ ಬರೆಯುತ್ತಿದ್ದ ಠಾಣೆಯ ರೈಟರ್ ತಲೆ ಎತ್ತಿ ನೋಡಿದ. "ಎಸ್ಟೇಟ್ ರೈಟರ್ ಸರ್, ಆಳುಗಳ ಹಾಜರಿ ಹಾಕೋದು," ಎಂದು ಜಯಪ್ರಕಾಶ್ ತಿದ್ದಿದ.

"ಫೋನ್ ಯಾಕೆ ಕದ್ದೆ?"

"ಟೆಸ್ಟ್ ಮಾಡ್ಲಿಕ್ಕೆ ಮೇಡಂ. ನಮ್ಮ ಎಸ್ಟೇಟಿಗೆ ಒಂದೇ ಕಂಪನಿ ಟವರ್ ಸಿಗೋದು, ಅದೂ ಗುಡ್ಡದಾಚೆಯಿಂದ. ಎಲ್ಲಾ ಫೋನೂ ಅದನ್ನ ಹಿಡಿಯೋದಿಲ್ಲ. ಸೆಕೆಂಡ್ ಹ್ಯಾಂಡ್ ಎರಡು ತಗೊಂಡೆ. ಅಂಗಡೀಲಿ ನನ್ನ ಸಿಮ್ ಹಾಕಿ ತೋರಿಸಿದ್ರು, ಫುಲ್ ರೇಂಜ್. ಎಸ್ಟೇಟಲ್ಲಿ ನಾವಿರೋ ಲೈನ್‌ಮನೆಗೆ ಹೋದ್ರೆ ಎರಡೂ ಸತ್ತ ಹಾಗೆ. ಪೇಟೇಲಿ ಎಲ್ಲಾ ಫೋನೂ ನಡೀತದೆ ಮೇಡಂ. ನಮ್ಮಲ್ಲಿಗೆ ತಂದು ನೋಡಿದ್ರೇ ಗೊತ್ತಾಗೋದು."

"ಒಂದು ದಿನಕ್ಕೆ ಕೊಡಿ ಅಂತ ಯಾರನ್ನಾದರೂ ಕೇಳಬಹುದಿತ್ತಲ್ಲ?"

"ಕೇಳಿದೆ. ಮೊದ್ಲು ಕಲ್ಲೇಶಪ್ಪನವರನ್ನೇ ಕೇಳಿದ್ದು. ಫೋನ್ ಹೆಂಡ್ತಿಗೇ ಕೊಡೋದಿಲ್ಲ, ನಿನಗೆ ಕೊಡ್ತೀನಾ ಅಂತ ನಗಾಡಿದ್ರು. ಎಲ್ಲರೂ ಅದನ್ನೇ ಹೇಳಿದ್ರು."

ಮಂಜೇಶ್ ತಡೆಯಲಾರದೆ ಕೇಳಿದ, "ನನ್ನ ಫೋನ್ ಹೇಗಿತ್ತು?"

"ಎಸ್ಟೇಟ್ ಸ್ಟೋರ್ ಹತ್ತಿರ ಸಿಗ್ನಲ್ ಒಂದು ಕಡ್ಡಿ ಬಂತು ಸರ್. ಹಲೋ ಅನ್ನೋದ್ರೊಳಗೆ ಹೋಯ್ತು."

ಬಂಧನದ ವಿಷಯ ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬುದು ಕಾನೂನು. ಹುದಿಕೇರಿಯ ತವರಿನಲ್ಲಿದ್ದ ಹೆಂಡತಿ ಅನುಪಮಾಳ ನಂಬರನ್ನೇ ಅವನು ಕೊಟ್ಟ. ಈ ಸಲ ಭವ್ಯಶ್ರೀ ತಾವೇ ಕರೆ ಮಾಡಿದರು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಬಾರಿ ಜೋಡಿಸಿಕೊಂಡರು. ಫೋನ್ ಎತ್ತಿದವರು ಅನುಪಮಾಳ ತಾಯಿ.

"ನಾನು ಶನಿವಾರಸಂತೆಯಿಂದ ಮಾತಾಡ್ತಿದ್ದೀನಿ. ಜಯಪ್ರಕಾಶ್ ಅವರ ವಿಷಯ..."

"ಅಯ್ಯೋ, ನಿಮ್ಗೆ ಅವ್ರ ಪರಿಚಯ ಉಂಟಾ? ಪುಣ್ಯ! ಬೆಳಿಗ್ಗೆಯಿಂದ ಟ್ರೈ ಮಾಡಿ ಸಾಕಾಯ್ತು, ಅವ್ರ ಫೋನ್ ತಾಗೋದೇ ಇಲ್ಲ. ಹೆಣ್ಣು ಮಗು ಅಂತ ಹೇಳಿ. ಹುಟ್ಟಿ ಒಂದು ಗಂಟೆ ಆಯ್ತು. ಅಮ್ಮ ಮಗು ಇಬ್ರೂ ಆರಾಮ. ಯಾರ ಹತ್ತಿರ ಆದ್ರೂ ಎಸ್ಟೇಟಿಗೆ ಹೇಳಿ ಕಳಿಸ್ತೀರಾ?"

"ಅವರು ಇಲ್ಲೇ ಇದ್ದಾರೆ."

"ಇಲ್ಲೇ ಅಂದ್ರೆ ಎಲ್ಲಿ?"

"ಪೇಟೇಲಿ," ಎಂದು ಹೇಳಿ ಭವ್ಯಶ್ರೀ ರಿಸೀವರನ್ನು ಜಯಪ್ರಕಾಶನ ಕೈಗೆ ಕೊಟ್ಟರು.

ಆ ಕಡೆ ಯಾರೋ ಮಗುವನ್ನು ಫೋನಿನ ಹತ್ತಿರ ಹಿಡಿದಿರಬೇಕು. ತೆಳ್ಳಗಿನ ಅಳು ಇಡೀ ಕೋಣೆಗೆ ಕೇಳಿಸಿತು. ಜಯಪ್ರಕಾಶ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಗೆ ಒತ್ತಿಕೊಂಡು, ಅಳು ನಿಲ್ಲುವವರೆಗೂ ಕೇಳಿದ. ಆಮೇಲೆ ತಾನೆಲ್ಲಿದ್ದೇನೆ ಎನ್ನುವುದನ್ನು ಅತ್ತೆಗೆ ಅವನೇ ಮೆಲ್ಲನೆ ಹೇಳಿದ.

"ಸಂಬಂಧಿಗೆ ತಿಳಿಸಿದ್ದು ಅನ್ನೋ ಕಡೆ ಏನು ಬರೀಲಿ ಮೇಡಂ?" ಎಂದು ರೈಟರ್ ಕೇಳಿದ.

"ತಿಳಿಸಲಾಗಿದೆ ಅಂತ ಬರೀರಿ. ಯಾರು ಯಾರಿಗೆ ಅಂತ ಅದರಲ್ಲಿ ಕೇಳಿಲ್ಲ."

ಮಂಜೇಶ್ ತರಿಸಿದ ಕಾಫಿ ಆರುತ್ತಿತ್ತು. ಭವ್ಯಶ್ರೀ ಕೊನೆಯ ಪ್ರಶ್ನೆ ಕೇಳಿದರು. "ಇದಕ್ಕಾಗಿ ಜೈಲು ನೋಡೋ ಹಾಗಾಯ್ತಲ್ಲ. ಒಂದು ದಿನ ತಡವಾಗಿ ಗೊತ್ತಾಗಿದ್ರೆ ಏನಾಗ್ತಿತ್ತು?"

"ಮೊದ್ಲನೇದು ಗಂಡು ಮಗು ಮೇಡಂ. ಹೋದ ಮಳೆಗಾಲದ ಹಿಂದಿನ ಮಳೆಗಾಲ. ಹುಟ್ಟಿದ ಸುದ್ದಿ, ಹೋದ ಸುದ್ದಿ ಎರಡನ್ನೂ ಜೀಪ್ ಡ್ರೈವರ್ ಒಟ್ಟಿಗೆ ತಂದ, ಎರಡು ದಿನ ಕಳೆದ ಮೇಲೆ. ನಾನು ಹೋಗಿ ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು." ಲೋಟವನ್ನು ಮೇಜಿನ ಮೇಲಿಟ್ಟ. "ಈ ಸಲ ಕಾಫಿ ಪಿಕಿಂಗ್ ಟೈಮು, ರಜೆ ಸಿಗ್ಲಿಲ್ಲ. ಫೋನಾದ್ರೂ ಇರ್ಲಿ ಅಂತ ಅನ್ನಿಸ್ತು."

ಮಂಜೇಶ್ ಆರಿದ ಲೋಟ ಎತ್ತಿಕೊಂಡು ಇನ್ನೊಂದು ಕಾಫಿ ತರಲು ಹೊರಟ.

ಅದೇ ಸಂಜೆ ಅವನನ್ನು ಸೋಮವಾರಪೇಟೆಯಲ್ಲಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ಜಾಮೀನಿಗೆ ಪಹಣಿ ಹಿಡಿದುಕೊಂಡು ಬಂದವಳು ನಿಂಗಮ್ಮ. ಕಲ್ಲೇಶಪ್ಪನವರೂ ಬಂದಿದ್ದರು; ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ತಮ್ಮದೇನೂ ಅಡ್ಡಿಯಿಲ್ಲ, ಆದರೆ ದುಬೈ ಫೋನಿಗೆ ರೇಂಜ್ ಸಿಗಲಿಲ್ಲ ಎಂಬ ಮಾತನ್ನು ಜಡ್ಜ್ ಮುಂದೆ ಓದಬಾರದು ಎಂದು ಭವ್ಯಶ್ರೀಯವರ ಕಿವಿಯಲ್ಲಿ ಹೇಳಿದರು.

ಬಿಡುಗಡೆಯ ಕಾಗದ ಕೈಗೆ ಬಂದಾಗ ಕತ್ತಲಾಗುತ್ತಿತ್ತು. ಮಂಜೇಶ್ ಜಯಪ್ರಕಾಶನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು, ಗೋಣಿಕೊಪ್ಪಲಿನ ಮೇಲೆ ಹುದಿಕೇರಿಗೆ ಹೋಗಲು ಮೊದಲು ಮಡಿಕೇರಿ ಬಸ್ ಹತ್ತಿಸಿದ. ಕಂಡಕ್ಟರನ ಹತ್ತಿರ ಹೋಗಿ, ಮಡಿಕೇರಿಯಲ್ಲಿ ಮುಂದಿನ ಬಸ್ಸಿಗೆ ಇವನನ್ನು ನೀವೇ ಕೂರಿಸಿ, ಮಗಳನ್ನು ನೋಡಲು ಹೊರಟವನು ಎಂದು ಹೇಳಿದ. ಬಸ್ ತಿರುವು ದಾಟುವವರೆಗೂ ರಸ್ತೆಯ ಬದಿಯಲ್ಲೇ ನಿಂತಿದ್ದು, ಆಮೇಲೆ ಜೀಪಿನ ಕಡೆ ಹೊರಟ.