ಎರಡಿಂಚು ಫೋಮು, ಮೂರನೇ ಮಾತು

ಗೋಡೆಗಳ ಹಳೇ ಹೊರಹಲಗೆಗಳನ್ನು ಕಿತ್ತು ಹಾಕಿ ವಾರವಾಗಿತ್ತು. ಅಮೆರಿಕದ ಉತ್ತರದಂಚಿನ ಚಳಿಯೂರು ಡುಲೂತ್‌ನ ಆ ಬೀದಿಯಲ್ಲಿ ಲಿನ್ನೆಯಾಳ ಮನೆಯೊಂದೇ ಮೈಗೆ ಬಿಳಿ ಹಾಳೆ ಸುತ್ತಿಕೊಂಡು, ಒಳಂಗಿಯಲ್ಲೇ ಹೊರಗೆ ಬಂದವರ ಹಾಗೆ ನಿಂತಿತ್ತು.

“ಮೇಡಂ, ಇವತ್ತಾದ್ರೂ ಹೇಳಿಬಿಡಿ,” ಎಂದ ಬಡಗಿ ಎಮೆರಿ, ಏಣಿಯ ಮೇಲಿಂದ. “ಚಳಿ ತಡೆಯೋ ಫೋಮ್ ಹಲಗೆ ಒಂದಿಂಚಾ, ಎರಡಿಂಚಾ? ಅದು ಗೊತ್ತಾಗ್ದೆ ಹೊಸ ಕಿಟಕಿ ಕೂರಿಸೋಕಾಗಲ್ಲ.”

“ನಿಮಗೇನನ್ಸುತ್ತೆ?”

“ನಿನ್ನೇನೂ ಹೇಳಿದ್ನಲ್ಲ, ಎರಡು ಅಂತ. ಈ ಚಳೀಲಿ ತೆಳ್ಳಗೆ ಹಾಕಿದ್ರೆ ಒಳಗಿನ ಬಿಸಿಗಾಳಿಯ ತೇವ ಗೋಡೆಯೊಳಗೇ ನೀರಾಗಿ ಕೂತ್ಕೊಳ್ಳುತ್ತೆ. ಫೋಮಿನ ಮೇಲೆ ಮರದ ಪಟ್ಟಿ ಹೊಡೆದು, ಗಾಳಿಗೆ ಸಂದು ಬಿಟ್ಟು, ಆಮೇಲೆ ಹೊಸ ಹಲಗೆ.”

ಲಿನ್ನೆಯಾಳಿಗೆ ಇದೆಲ್ಲ ಬಾಯಿಪಾಠವಾಗಿತ್ತು. ಆದರೆ ಹೂಂ ಎಂದರೆ ಕೆಲಸ ಮುಗಿಯುತ್ತದೆ, ಮುಗಿದರೆ ಇವನು ದೂರದ ದಕ್ಷಿಣದ ತನ್ನ ಅಲಬಾಮಾಕ್ಕೆ ಹೊರಟುಬಿಡುತ್ತಾನೆ. ಕಿವಿಯ ಮೇಲಿನ ಆ ಪೆನ್ಸಿಲ್, ಎಳೆದೆಳೆದು ಆಡುವ ಆ ಮಾತು, ಅವಳಿಗೆ ಎರಡೂ ಬೇಕಾಗಿದ್ದವು.

ಸೋಮವಾರ ಅವನೇ ಕೇಳಿದ್ದ, “ಶನಿವಾರ ನನ್ನ ಜೊತೆ ಊಟಕ್ಕೆ ಬರ್ತೀರಾ?” “ಅಯ್ಯೋ, ನಿಮಗ್ಯಾಕೆ ತೊಂದ್ರೆ” ಎಂದಿದ್ದಳು. ಬುಧವಾರ ಮತ್ತೆ ಕೇಳಿದ. “ಬೇಡ ಬಿಡಿ” ಎಂದಳು, ಕೆನ್ನೆ ಕೆಂಪಗೆ ಮಾಡಿಕೊಂಡು. ಕೇಕಿನ ಒಂದು ತುಂಡಾದರೂ ಸರಿ, ಎರಡು ಸಲ ಬೇಡವೆಂದು ಮೂರನೇ ಸಲಕ್ಕೆ ತಟ್ಟೆ ಒಡ್ಡುವುದೇ ಆ ಊರಿನ ಮರ್ಯಾದೆ. ಗುರುವಾರ ತಲೆ ನೀಟಾಗಿ ಬಾಚಿಕೊಂಡು ಕಾದಳು. ಆ ಪುಣ್ಯಾತ್ಮ ಕಿಟಕಿಯ ಬಣ್ಣ ಕೇಳಿ ಸುಮ್ಮನಾದ.

ಈಗ ಅವನು ಏಣಿ ಇಳಿದು ಬಂದ. ಮುಖ ಸಪ್ಪಗಿತ್ತು.

“ಮೇಡಂ, ಊಟಕ್ಕೆ ಕರೆದು ತಪ್ಪು ಮಾಡ್ದೆ ಅನ್ಸುತ್ತೆ. ಅದಕ್ಕೇ ನೀವು ಕೆಲಸ ಎಳೀತಿದ್ದೀರಿ. ನಾಳೆಯಿಂದ ಬೇರೆಯವರನ್ನ ಕಳಿಸ್ತೀನಿ.”

ಲಿನ್ನೆಯಾಳಿಗೆ ಮರ್ಯಾದೆ ಹಾಳಾಗಿ ಹೋಗಲಿ ಅನ್ನಿಸಿತು.

“ಮೂರನೇ ಸಲ ಯಾಕ್ರೀ ಕೇಳಲಿಲ್ಲ?”

“ಎರಡು ಸಲ ಬೇಡ ಅಂದ್ರಲ್ಲ.”

“ಮೊದಲನೇ ಸಲಕ್ಕೇ ಹೂಂ ಅಂದ್ರೆ ಜನ ಏನಂದ್ಕೋತಾರೆ? ನಾನು ಎಳೀತಿದ್ದದ್ದು ನೀವು ಹೋಗಬಾರದು ಅಂತ.”

ಎಮೆರಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಕಣ್ಣಲ್ಲಿ ನಗು ಮೆಲ್ಲಗೆ ಏರುತ್ತಿತ್ತು. “ಹಾಗಾದ್ರೆ ಶನಿವಾರ ನನ್ನ ಜೊತೆ...”

“ಬರ್ತೀನಿ. ಎರಡಿಂಚೇ ಹಾಕಿ.”

ಸಾವರಿಸಿಕೊಳ್ಳಲು ಅವಳು ಫ್ಲಾಸ್ಕ್ ಎತ್ತಿಕೊಂಡಳು. “ಕಾಫಿ ಕುಡೀತೀರಾ?”

“ಅಯ್ಯೋ, ನಿಮಗ್ಯಾಕೆ ತೊಂದ್ರೆ.”

“ಸ್ವಲ್ಪ?”

“ಬೇಡ ಬಿಡಿ,” ಎಂದ ಎಮೆರಿ. ಎಂದವನು ಕಪ್ಪನ್ನು ಆಗಲೇ ಮುಂದೆ ಚಾಚಿದ್ದ.